ವಾರಕ್ಕೊಂದು ಬರಹ: ಅರ್ಧಕ್ಕೆ ನಿಲ್ಲದಂತೆ ರೂಢಿ ಮಾಡಿಕೊಳ್ಳುವುದು ಹೇಗೆ?

ನಂದಿತಪ್ಪಲು (ಚಿಕ್ಕಬಳ್ಳಾಪುರ)

ಎಲ್ಲರಿಗೂ ನಮಸ್ಕಾರ. ನಮ್ಮ ತಾಲ್ಲೂಕಿನ ಕೆರೆ, ಗುಡಿ, ಸಂತೆ, ಬೆಳೆ, ಕಸುಬುಗಳ ಬಗ್ಗೆ ವಾರಕ್ಕೊಂದು ಬರಹ ಬ್ಲಾಗಿಗೆ ಹಾಕಬೇಕೆಂದು ಐದು ಜನ ಸೇರಿದ್ದೇವೆ. ಎಲ್ಲರೂ ಕೆಲಸ, ತೋಟ, ಮನೆ ಇರುವವರು. ಬರೆಯುವ ರೂಢಿ ಕೈಗೆ ಹತ್ತಬೇಕು ಎನ್ನುವುದೇ ಮುಖ್ಯ ಆಸೆ. ಇಂಥ ಪ್ರಯತ್ನಗಳು ಹುರುಪಿನಿಂದ ಶುರುವಾಗಿ ಎರಡು ತಿಂಗಳಿಗೆ ಸುಮ್ಮನಾಗುವುದು ಹೊಸದೇನಲ್ಲ. ಅದಕ್ಕೇ ಮೊದಲೇ ಕೇಳುತ್ತಿದ್ದೇವೆ.

ಒಂದು ಬರಹ ಎಷ್ಟು ಉದ್ದ ಇದ್ದರೆ ಪ್ರತಿ ವಾರ ನಿಭಾಯಿಸಬಹುದು? ವಿಷಯ ಖಾಲಿಯಾಗದಂತೆ ಏನು ಮಾಡಬೇಕು? ನಮ್ಮಲ್ಲಿ ಇಬ್ಬರ ಹತ್ತಿರ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಫೈಲುಗಳಿವೆ, ಅವನ್ನು ಬ್ಲಾಗಿಗೆ ಅಂಟಿಸಿದರೆ ಅಕ್ಷರವೆಲ್ಲ ಗೋಜಲಾಗುತ್ತದೆ. ಊರಿನ ಇತಿಹಾಸದ ವಿವರಗಳನ್ನು ಎಲ್ಲಿ ತಾಳೆ ನೋಡುವುದು? ಒಂದು ವಾರ ತಪ್ಪಿದರೆ ಏನು ಮಾಡುವುದು? ಬಲ್ಲವರು ವಿವರವಾಗಿಯೇ ಹೇಳಿ, ಉದ್ದವಾದರೂ ಓದುತ್ತೇವೆ.

ಕಲ್ಪತರು (ತಿಪಟೂರು)

ಸಮಯ ಸಾಲದೆ ನಿಂತೋಯ್ತು ಅಂತ ಎಲ್ಲರೂ ಹೇಳ್ತಾರೆ. ಹತ್ತಿರದಿಂದ ನೋಡಿದರೆ ಬಹಳ ಸಲ ನಿಲ್ಲೋದು ಬೇರೆ ಕಾರಣಕ್ಕೆ: ಬರೆಯೋಕೆ ಕೂತಾಗ ಕೈಯಲ್ಲಿ ಸರಕು ಇರಲ್ಲ. ವಿಷಯ ಹುಡುಕೋದು, ವಿವರ ಕೂಡಿಸೋದು, ಬರೆಯೋದು, ತಿದ್ದೋದು, ಎಲ್ಲವೂ ಭಾನುವಾರ ಬೆಳಿಗ್ಗೆ ಒಂದೇ ಪಟ್ಟಿಗೆ ಆಗಬೇಕು ಅಂದರೆ ಮೂರು ಗಂಟೆ ಹಿಡಿಯುತ್ತೆ. ಮದುವೆ, ಹಬ್ಬ, ತೋಟಕ್ಕೆ ಕರೆಂಟು ಕೊಡೋ ಹೊತ್ತು, ಇದರ ನಡುವೆ ಅಂಥ ಮೂರು ಗಂಟೆ ಪ್ರತಿ ವಾರ ಯಾವ ಮನೆಯಲ್ಲೂ ಸಿಗಲ್ಲ. ಹಾಗಾಗಿ ಕೆಲಸವನ್ನ ಬಿಡಿಸಿ ಇಡಿ.

ಸೋಮವಾರದಿಂದ ಗುರುವಾರದವರೆಗೆ ಬರೀ ಟಿಪ್ಪಣಿ. ಜೇಬಿನಲ್ಲಿ ಹಿಡಿಯೋ ಪುಸ್ತಕ, ದಿನಕ್ಕೆ ನಾಲ್ಕೈದು ಸಾಲು, ಅಷ್ಟೇ. ಶುಕ್ರವಾರ ಹತ್ತು ನಿಮಿಷ ಕೂತು ಒಂದು ಟಿಪ್ಪಣಿ ಆರಿಸಿ, ಬರಹದ ಮೊದಲ ವಾಕ್ಯ ಒಂದನ್ನ ಬರೆದಿಡಿ. ಶನಿವಾರ ಅರ್ಧ ಗಂಟೆ ಕರಡು. ಭಾನುವಾರ ಇಪ್ಪತ್ತು ನಿಮಿಷ ಗಟ್ಟಿಯಾಗಿ ಓದಿ, ತಿದ್ದಿ, ಹಾಕಿ. ಶುಕ್ರವಾರದ ಆ ಒಂದು ವಾಕ್ಯವನ್ನ ಮಾತ್ರ ಬಿಡಬೇಡಿ. ಶನಿವಾರ ಖಾಲಿ ಹಾಳೆ ಎದುರು ಕೂರೋದಕ್ಕೂ ಒಂದು ಸಾಲು ಇರೋ ಹಾಳೆ ಎದುರು ಕೂರೋದಕ್ಕೂ ತುಂಬಾ ವ್ಯತ್ಯಾಸ ಇದೆ.

ಟಿಪ್ಪಣಿಯಲ್ಲಿ ಐದು ವಿಷಯ ಇರಲೇಬೇಕು: ಯಾವ ಜಾಗ, ಯಾವ ತಾರೀಕು, ಕಂಡದ್ದು ಏನು, ಅದರ ಒಂದು ಅಳತೆಯಾದರೂ (ತೂಕ, ಬೆಲೆ, ಎತ್ತರ, ಎಷ್ಟು ಜನ), ಹೇಳಿದವರು ಯಾರು. 'ಹೂವಿನ ಮಾರುಕಟ್ಟೆ ಜೋರಾಗಿತ್ತು' ಅಂತ ಬರೆದುಕೊಂಡರೆ ಶನಿವಾರಕ್ಕೆ ಅದರಿಂದ ಒಂದು ಪ್ಯಾರಾನೂ ಹುಟ್ಟಲ್ಲ. 'ಸೇವಂತಿಗೆ ಒದ್ದೆಯಾಗಿದ್ದ ಮೂಟೆ ಬೇರೆ ಇಟ್ಟರು, ಒಣ ಮೂಟೆಗಿಂತ ಕೆ.ಜಿ.ಗೆ ಇಷ್ಟು ಕಡಿಮೆ ಹೇಳಿದರು' ಅಂತ ಬರೆದುಕೊಂಡರೆ ಅದೇ ಬರಹ: ಯಾಕೆ ಒದ್ದೆ, ಮಳೆಯಲ್ಲಿ ಕಿತ್ತದ್ದಾ, ನೀರು ಚಿಮುಕಿಸಿದ್ದಾ, ನಷ್ಟ ಯಾರ ಪಾಲಿಗೆ.

ವಿಷಯ ಖಾಲಿಯಾಗೋದು ವಿಷಯ ದೊಡ್ಡದಾಗಿ ಹಿಡಿದಾಗ. ಇದು ಕೇಳೋಕೆ ತಿರುಗುಮುರುಗು ಅನ್ನಿಸಬಹುದು. ನಮ್ಮ ಕಡೆಯ ಕೊಬ್ಬರಿಯನ್ನೇ ತಗೊಳ್ಳಿ. 'ತಿಪಟೂರು ಕೊಬ್ಬರಿ' ಅಂತ ಒಂದು ಬರಹ ಬರೆದರೆ ಎಲ್ಲರಿಗೂ ಗೊತ್ತಿರೋದನ್ನೇ ಮೇಲೆ ಮೇಲೆ ಹೇಳಿ ಮುಗಿಸ್ತೀರಿ, ಮುಂದಿನ ವಾರಕ್ಕೆ ಏನೂ ಉಳಿಯಲ್ಲ. ಬಿಡಿಸಿ ನೋಡಿ. ಬಲಿತ ಕಾಯಿ ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಕೂರುತ್ತೆ, ಆ ಅಟ್ಟ ಕಟ್ಟೋ ರೀತಿ ಒಂದು ಬರಹ. ಒಳಗಿನ ನೀರು ಇಂಗಿ ಕೊಬ್ಬರಿ ಕರಟ ಬಿಟ್ಟಾಗ ಕಾಯಿ ಅಲ್ಲಾಡಿಸಿದರೆ ಗಡಗಡ ಸದ್ದು ಬರುತ್ತೆ, ಆ ಸದ್ದಿನಲ್ಲೇ ತಯಾರಾಗಿದೆಯೋ ಇಲ್ಲವೋ ತಿಳಿಯೋರ ಬಗ್ಗೆ ಇನ್ನೊಂದು. ಉಂಡೆ ಒಡೆಯದಂತೆ ಕರಟ ಬಿಡಿಸೋ ಕೈಚಳಕ ಮೂರನೆಯದು. ಬೂಸ್ಟು ಹಿಡಿದ ಉಂಡೆ ಏನಾಗುತ್ತೆ, ಮಟ್ಟೆ ಎಲ್ಲಿಗೆ ಹೋಗುತ್ತೆ, ಕರಟ ಯಾರು ಕೊಳ್ತಾರೆ, ಎಪಿಎಂಸಿಯಲ್ಲಿ ಬೆಲೆ ಹೇಗೆ ನಿಲ್ಲುತ್ತೆ. ಎರಡು ತಿಂಗಳಿಗೆ ಸಾಕು ಅಲ್ವಾ? ಓದೋರಿಗೂ ಹೀಗೆ ಒಂದೊಂದೇ ಎಳೆ ಹಿಡಿದ ಬರಹ ಹೆಚ್ಚು ಇಷ್ಟ ಆಗುತ್ತೆ ಅನ್ನೋದು ನನ್ನ ಗಟ್ಟಿ ನಂಬಿಕೆ.

ಉದ್ದದ ಬಗ್ಗೆ. ಇಂಗ್ಲಿಷಿನ ಸಲಹೆಗಳಲ್ಲಿ ಸಾವಿರ ಪದ ಅಂತಿರುತ್ತೆ, ಅದನ್ನ ಹಾಗೇ ಎತ್ತಿಕೊಳ್ಳಬೇಡಿ. ನಮ್ಮಲ್ಲಿ ವಿಭಕ್ತಿ, ಅವ್ಯಯ ಎಲ್ಲ ಪದಕ್ಕೇ ಅಂಟಿಕೊಳ್ಳೋದರಿಂದ 'ಮಾರುಕಟ್ಟೆಯಲ್ಲಿದ್ದವರಿಗೂ' ಅಂದರೆ ಒಂದೇ ಪದ. ಕನ್ನಡದಲ್ಲಿ 300 ಪದ ಅಂದರೆ ಉದ್ದ ನೋಟ್‌ಬುಕ್ಕಿನಲ್ಲಿ ಹೆಚ್ಚುಕಮ್ಮಿ ಎರಡು ಪುಟ. ಮೊದಲ ಮೂರು ತಿಂಗಳು 250ರಿಂದ 350 ಪದ. ಜಾಸ್ತಿ ಬಂದರೆ ಕತ್ತರಿಸಿ ಮುಂದಿನ ವಾರಕ್ಕೆ ಇಟ್ಟುಕೊಳ್ಳಿ, ಒಂದೇ ಸಲ ಸುರಿಯಬೇಡಿ.

ಕರಡು ಬರೆಯುವಾಗ ಹಿಂದಕ್ಕೆ ಹೋಗಿ ತಿದ್ದಬೇಡಿ. ಸರಿಯಾದ ಪದ ಹೊಳೆಯದಿದ್ದರೆ ಆ ಜಾಗದಲ್ಲಿ ಒಂದು ನಕ್ಷತ್ರ ಗುರುತು ಹಾಕಿ ಮುಂದೆ ಹೋಗಿ. ಇಸವಿ ನೆನಪಿಲ್ಲ ಅಂತ ಫೋನ್ ತೆಗೆದರೆ ಆ ಅರ್ಧ ಗಂಟೆ ಅಲ್ಲೇ ಕರಗುತ್ತೆ. ಏಳುವ ಮುಂಚೆ ಮುಂದಿನ ಸಾಲು ಏನು ಅಂತ ಎರಡು ಪದದಲ್ಲಿ ಕೆಳಗೆ ಗುರುತು ಮಾಡಿಡಿ. ಮತ್ತೆ ಕೂತಾಗ ಎಲ್ಲಿದ್ದೆ ಅಂತ ಹುಡುಕೋದು ತಪ್ಪುತ್ತೆ.

ಅಂತರಗಂಗೆ (ಕೋಲಾರ)

ಟೈಪಿಂಗ್ ಮತ್ತು ಫೈಲಿನ ವಿಚಾರ ನಾನು ಹೇಳುತ್ತೇನೆ. ಬರೆಯುವ ಉತ್ಸಾಹ ಇದ್ದವರೂ ಸೋಲುವುದು ಇಲ್ಲಿ.

ನಿಮ್ಮ ಹಳೆಯ ಫೈಲುಗಳು ನುಡಿಯ ಆಸ್ಕಿ ಫಾಂಟಿನಲ್ಲಿವೆ. ಅಲ್ಲಿ ಕನ್ನಡ ಅಕ್ಷರಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತದ ಜಾಗದಲ್ಲಿ ಕೂರಿಸಿರುತ್ತಾರೆ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ, ಬ್ಲಾಗಿಗೆ ಅಂಟಿಸಿದರೆ ಅಡಿಯಲ್ಲಿರುವ ಇಂಗ್ಲಿಷ್ ಚಿಹ್ನೆಗಳೇ ಹೊರಬರುತ್ತವೆ. ಎಲ್ಲ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್ ಸಂಕೇತಕ್ಕೆ ಪರಿವರ್ತಿಸಬೇಕು. ನುಡಿ ತಂತ್ರಾಂಶದ ಜೊತೆಗೇ ಪರಿವರ್ತಕ ಬರುತ್ತದೆ, ಅಂತರ್ಜಾಲದಲ್ಲೂ ಉಚಿತ ಪರಿವರ್ತಕಗಳಿವೆ. ಪರಿವರ್ತಿಸಿದ ಮೇಲೆ ಮೂರು ಕಡೆ ಕಣ್ಣಿಟ್ಟು ನೋಡಿ. ಒಂದು, ಅರ್ಕಾವತ್ತು: 'ವರ್ಷ', 'ಕಾರ್ಯ', 'ಮಾರ್ಗ' ಇಂಥ ಪದಗಳಲ್ಲಿ ರೇಫ ಪಕ್ಕದ ಅಕ್ಷರಕ್ಕೆ ಹಾರಿರಬಹುದು. ಎರಡು, ಫೈಲಿನ ನಡುವೆ ಇಂಗ್ಲಿಷ್ ಪದ ಇದ್ದರೆ ಪರಿವರ್ತಕ ಅದನ್ನೂ ಕನ್ನಡವೆಂದೇ ತಿಳಿದು ಕಲಸಿಬಿಡುತ್ತದೆ. ಪರಿವರ್ತಿಸುವ ಮೊದಲೇ ಅಂಥ ಪದಗಳನ್ನು ಬೇರೆ ಹಾಳೆಗೆ ಬರೆದಿಟ್ಟುಕೊಳ್ಳಿ. ಮೂರನೆಯದು ಕಣ್ಣಿಗೆ ಬೀಳುವುದೇ ಇಲ್ಲ: ಕನ್ನಡ ಅಂಕಿಯ ಸೊನ್ನೆ '೦' ಮತ್ತು ಅನುಸ್ವಾರ 'ಂ' ನೋಡಲು ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಅನುಸ್ವಾರದ ಜಾಗದಲ್ಲಿ ಸೊನ್ನೆ ಕೂತಿದ್ದರೆ 'ನಂದಿ' ಎಂದು ಹುಡುಕಿದವರಿಗೆ ನಿಮ್ಮ ಬರಹ ಸಿಗುವುದಿಲ್ಲ. 'ಹುಡುಕಿ ಬದಲಿಸಿ' ಬಳಸಿ ಒಂದೇ ಸಲ ಸರಿಮಾಡಬಹುದು, ಆದರೆ ಇಸವಿಗಳನ್ನು ಕನ್ನಡ ಅಂಕಿಯಲ್ಲಿ ಬರೆದಿದ್ದರೆ ಅಲ್ಲಿ ಒಂದೊಂದಾಗಿ ನೋಡಿ ಬದಲಿಸಿ.

ಹೊಸದಾಗಿ ಬರೆಯುವುದನ್ನು ಯೂನಿಕೋಡ್‌ನಲ್ಲೇ ಬರೆಯಿರಿ. ನುಡಿಯ ಕೀಲಿಮಣೆ ಕೈಗೆ ಒಗ್ಗಿದ್ದರೆ ಅದನ್ನೇ ಮುಂದುವರಿಸಿ, ವಿನ್ಯಾಸ ಅದೇ ಇರುತ್ತದೆ, ಒತ್ತಕ್ಷರಕ್ಕೆ ಅದೇ ಎಫ್ ಕೀಲಿ. ಇನ್‌ಸ್ಕ್ರಿಪ್ಟ್ ಕಲಿತವರಿಗೆ ಆ ಕೆಲಸ ಡಿ ಕೀಲಿಯದು. ಎರಡರಲ್ಲಿ ಯಾವುದಾದರೂ ಸರಿ, ನಡುವೆ ಬದಲಿಸುತ್ತ ಕೂರಬೇಡಿ. ವೇಗ ಬರುವ ಮೊದಲೇ ಬದಲಿಸಿದರೆ ಬೆರಳು ತಡವರಿಸಿ ಬರೆಯುವ ಮನಸ್ಸೇ ಹೋಗುತ್ತದೆ.

ಫೋನಿನಲ್ಲಿ ಧ್ವನಿಯಿಂದ ಟೈಪ್ ಮಾಡುವುದು ಟಿಪ್ಪಣಿಗೆ ಒಳ್ಳೆಯದು, ಕರಡಿಗೆ ಬೇಡ. ಪೂರ್ಣವಿರಾಮ ಬೀಳುವುದಿಲ್ಲ, ಊರಿನ ಹೆಸರು ತಪ್ಪಾಗುತ್ತದೆ, ತೂಬು (ಕೆರೆಯಿಂದ ನೀರು ಬಿಡುವ ಕಂಡಿ), ಕೋಡಿ (ಹೆಚ್ಚಾದ ನೀರು ಹರಿದುಹೋಗುವ ಜಾಗ) ಇಂಥ ಪದಗಳ ಜಾಗದಲ್ಲಿ ಬೇರೇನೋ ಬರುತ್ತದೆ. ತಿದ್ದಲು ಹಿಡಿಯುವ ಹೊತ್ತಿನಲ್ಲಿ ಬರೆದೇ ಮುಗಿಸಬಹುದು.

ಬ್ಲಾಗಿನ ವಿಳಾಸದ ಬಗ್ಗೆ ಒಂದು ಎಚ್ಚರ. ಗೂಗಲ್‌ನ ಉಚಿತ ಬ್ಲಾಗ್ ತಾಣವಾದ ಬ್ಲಾಗರ್‌ನಲ್ಲಿ ಶೀರ್ಷಿಕೆ ಪೂರ್ತಿ ಕನ್ನಡದಲ್ಲಿದ್ದರೆ ಅದು ವಿಳಾಸಕ್ಕೆ ಆ ಅಕ್ಷರಗಳನ್ನು ತೆಗೆದುಕೊಳ್ಳುವುದಿಲ್ಲ, ಎಲ್ಲ ಬರಹಕ್ಕೂ 'ಬ್ಲಾಗ್-ಪೋಸ್ಟ್' ಎಂದೇ ಹೆಸರಿಟ್ಟು ಮುಂದೆ ಅಂಕಿ ಸೇರಿಸುತ್ತ ಹೋಗುತ್ತದೆ. ಪ್ರಕಟಿಸುವ ಮೊದಲೇ ಬಲಬದಿಯ ಪರ್ಮಾಲಿಂಕ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಎರಡು ಮೂರು ಪದದ ವಿಳಾಸ ನೀವೇ ಕೊಡಿ. ಇನ್ನೊಂದು ಬ್ಲಾಗ್ ತಾಣವಾದ ವರ್ಡ್‌ಪ್ರೆಸ್ ಕನ್ನಡವನ್ನು ಒಪ್ಪುತ್ತದೆ, ಆದರೆ ವಿಳಾಸ ನಕಲು ಮಾಡಿದಾಗ ಒಂದೊಂದು ಕನ್ನಡ ಸಂಕೇತವೂ ಶೇಕಡಾ ಚಿಹ್ನೆಗಳ ಸಾಲಾಗಿ 9 ಅಕ್ಷರದಷ್ಟು ಹಿಗ್ಗುತ್ತದೆ. 'ಕೆರೆ' ಎಂಬಷ್ಟಕ್ಕೇ 36 ಅಕ್ಷರ. ಅಲ್ಲಿ 200ರ ಮಿತಿ ಇರುವುದರಿಂದ ಉದ್ದ ಶೀರ್ಷಿಕೆಯ ವಿಳಾಸ ನಡುವೆ ತುಂಡಾಗುತ್ತದೆ. ಅಲ್ಲೂ ಕೈಯಾರೆ ಚಿಕ್ಕದು ಕೊಡುವುದೇ ಮೇಲು.

ಚಿತ್ರವನ್ನು 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ ಹಾಕಿ. ಫೋನಿನಿಂದ ತೆಗೆದದ್ದನ್ನು ಹಾಗೇ ಏರಿಸಿದರೆ ಹಳ್ಳಿಯ ನೆಟ್‌ವರ್ಕಿನಲ್ಲಿ ಪುಟ ತೆರೆಯುವುದಿಲ್ಲ. ಯಾರದಾದರೂ ಮನೆಯ ಚಿತ್ರವಾದರೆ ಅದರೊಳಗಿನ ಸ್ಥಳದ ಮಾಹಿತಿ ತೆಗೆದುಹಾಕಿ.

ಇನ್ನು ಮುಖ್ಯವಾದದ್ದು. ಬ್ಲಾಗಿನ ಪೆಟ್ಟಿಗೆಯೊಳಗೇ ನೇರವಾಗಿ ಕರಡು ಬರೆಯಬೇಡಿ. ಗೂಗಲ್ ಡಾಕ್ಸ್ ಆಗಲಿ, ಲಿಬ್ರೆ ಆಫೀಸ್ ಆಗಲಿ, ಬೇರೆ ಕಡೆ ಬರೆದು ಆಮೇಲೆ ಅಂಟಿಸಿ. ಫೈಲಿನ ಹೆಸರು ಇಸವಿ-ತಿಂಗಳು-ದಿನ-ವಿಷಯ ಎಂಬ ಕ್ರಮದಲ್ಲಿದ್ದರೆ ತಾನಾಗಿಯೇ ಸಾಲಾಗಿ ನಿಲ್ಲುತ್ತವೆ. ಬ್ಲಾಗರ್‌ನ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ಇದೆ, ತಿಂಗಳಿಗೊಮ್ಮೆ ಇಳಿಸಿಕೊಳ್ಳಿ. ಅದನ್ನೇ ನಂಬಿ ಕೂರಬೇಡಿ, ಚಿತ್ರಗಳ ಮೂಲ ಪ್ರತಿ ನಿಮ್ಮಲ್ಲಿ ಬೇರೆ ಇರಬೇಕು.

ಶಿರಾ ಓದುಗ (ಶಿರಾ)

ಇತಿಹಾಸದ ವಿವರ ತಾಳೆ ನೋಡುವ ಪ್ರಶ್ನೆಗೆ.

ಚಿಕ್ಕಬಳ್ಳಾಪುರ ಜಿಲ್ಲೆ ಕೋಲಾರದಿಂದ ಬೇರೆಯಾದದ್ದು 2007ರಲ್ಲಿ. ಅದಕ್ಕಿಂತ ಹಿಂದಿನ ಯಾವ ದಾಖಲೆಯಲ್ಲೂ ನಿಮ್ಮ ತಾಲ್ಲೂಕುಗಳನ್ನು ಕೋಲಾರ ಜಿಲ್ಲೆಯ ಅಡಿಯಲ್ಲೇ ಹುಡುಕಬೇಕು. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೇ ಸಂಪುಟ, 1905ರದು, ಕೋಲಾರ ಜಿಲ್ಲೆಯ ಶಾಸನಗಳದು; ಚಿಕ್ಕಬಳ್ಳಾಪುರ, ಗೌರಿಬಿದನೂರು, ಬಾಗೇಪಲ್ಲಿ, ಚಿಂತಾಮಣಿ, ಶಿಡ್ಲಘಟ್ಟ ಎಲ್ಲ ಅದರಲ್ಲಿವೆ. ತುಮಕೂರಿನವರಿಗೆ ಹನ್ನೆರಡನೇ ಸಂಪುಟ, 1904. ಎರಡೂ ಸ್ಕ್ಯಾನ್ ಆಗಿ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ, ಶಾಸನದ ಪಾಠ ಕನ್ನಡ ಲಿಪಿಯಲ್ಲೇ ಇರುವುದರಿಂದ ಇಂಗ್ಲಿಷ್ ಕಷ್ಟವಾದವರೂ ಬಳಸಬಹುದು. ಬರಹದಲ್ಲಿ ಶಾಸನ ಬಂದರೆ ತಾಲ್ಲೂಕಿನ ಹೆಸರು ಮತ್ತು ಅದರ ಸಂಖ್ಯೆ ಕೊಡಿ, ಓದಿದವರು ತಾವೇ ತೆಗೆದು ನೋಡಲಿ. ಹಳೆಯ ಹೆಸರುಗಳಿಂದಲೂ ಹುಡುಕಿ: ಬಂಗಾರಪೇಟೆ ಅಲ್ಲಿ ಬೌರಿಂಗ್‌ಪೇಟೆ. ತುಮಕೂರಿನ ಇಂಗ್ಲಿಷ್ ಕಾಗುಣಿತ 2014ರಲ್ಲಿ ಬದಲಾದ್ದರಿಂದ ಹಳೆಯ ಕಾಗದಪತ್ರ ಹುಡುಕುವಾಗ ಎರಡೂ ರೂಪ ಹಾಕಿ ನೋಡಬೇಕು.

ಒಂದೇ ಘಟನೆಗೆ ಬೇರೆ ಬೇರೆ ಸಂಖ್ಯೆ ಸಿಕ್ಕರೆ ನಿಮಗಿಷ್ಟವಾದುದನ್ನು ಆರಿಸಿಕೊಳ್ಳಬೇಡಿ. ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಗೋಲಿಬಾರ್ ನಡೆಯಿತು ಎನ್ನುವುದರಲ್ಲಿ ಗೊಂದಲವಿಲ್ಲ. ಮಡಿದವರ ಸಂಖ್ಯೆ ಮಾತ್ರ ಮೂಲದಿಂದ ಮೂಲಕ್ಕೆ ಬದಲಾಗುತ್ತದೆ. ಸರ್ಕಾರದ ಕಾಗದ ಎಷ್ಟು ಎನ್ನುತ್ತದೆ, ಅಲ್ಲಿನ ಸ್ಮಾರಕ ಎಷ್ಟು ಎನ್ನುತ್ತದೆ, ಎರಡನ್ನೂ ಹೆಸರು ಹೇಳಿ ಕೊಡಿ. ಜೀವ ಕೊಟ್ಟವರ ವಿಷಯದಲ್ಲಿ ಅಂದಾಜಿನ ಮಾತು ಸಲ್ಲದು.

ಗುಡಿಯ ಪೂಜಾರಿಗಳೋ ಊರ ಹಿರಿಯರೋ ಹೇಳಿದ್ದು ಬಹಳ ಸಲ ದಾಖಲೆಗೆ ಹೊಂದುವುದಿಲ್ಲ. ಅದನ್ನು ಬಿಟ್ಟುಬಿಡಬೇಕೆಂದಲ್ಲ, 'ಊರವರು ಹೀಗೆ ಹೇಳುತ್ತಾರೆ' ಎಂದು ಬೇರೆಯಾಗಿ ನಿಲ್ಲಿಸಿ. ಮಾರುಕಟ್ಟೆ ದರಕ್ಕೆ ತಾರೀಕು ಬೇಕೇ ಬೇಕು. ಮಾತಾಡಿದವರ ಹೆಸರು ಹಾಕಲು ಅವರನ್ನು ಕೇಳಿ, ಫೋನ್ ನಂಬರ್ ಎಂದೂ ಹಾಕಬೇಡಿ.

ನಂದಿತಪ್ಪಲು (ಚಿಕ್ಕಬಳ್ಳಾಪುರ)

ಎಲ್ಲರಿಗೂ ತುಂಬಾ ಧನ್ಯವಾದ. ಅನುಸ್ವಾರ ಮತ್ತು ಸೊನ್ನೆಯ ವಿಚಾರ ಈಗಲೇ ಫೈಲಿನಲ್ಲಿ ನೋಡಿದೆವು, ಬೇಕಾದಷ್ಟಿವೆ. ಇನ್ನೂ ಮೂರು ಕೇಳಬೇಕಿದೆ. ನಾವು ಐವರು ಸರದಿಯಂತೆ ಬರೆಯಬೇಕೆಂದಿದ್ದೇವೆ, ಅದು ಸರಿಯೇ? ನಮ್ಮ ಕಡೆ ಜನ ಅರ್ಧ ಮಾತು ತೆಲುಗಿನಲ್ಲೇ ಆಡುತ್ತಾರೆ, ಅದನ್ನು ಹೇಗೆ ಬರೆಯುವುದು? ವಾರ ತಪ್ಪುವ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.

ಚಂದ್ರಿಕೆ (ಶಿಡ್ಲಘಟ್ಟ)

ತೆಲುಗಿನ ಮಾತಿಗೆ: ಗಾದೆ, ಬೈಗುಳ, ಕೂಗಿ ಕರೆಯುವ ಮಾತು, ಕಸುಬಿನ ಪದ ಇವನ್ನು ಆಡಿದ ಹಾಗೇ ಕನ್ನಡ ಲಿಪಿಯಲ್ಲಿ ಬರೆದು, ಅದರ ಹುರುಳು ಮುಂದಿನ ವಾಕ್ಯದಲ್ಲಿ ತಾನಾಗಿ ತಿಳಿಯುವಂತೆ ಮಾಡಿ. ಉಳಿದ ಸಂಭಾಷಣೆ ಕನ್ನಡಕ್ಕೆ ತನ್ನಿ. ಪ್ರತಿ ಸಾಲಿಗೂ ಆವರಣದಲ್ಲಿ ಅರ್ಥ ಕೊಡುತ್ತ ಹೋದರೆ ಓದುವವರು ಎಡವುತ್ತಾರೆ. ಹೇಳಿದವರ ಎದುರಿಗೇ ಒಮ್ಮೆ ಓದಿ ತೋರಿಸಿದರೆ ದೀರ್ಘ, ಹ್ರಸ್ವ ತಪ್ಪಿದ್ದು ಅವರೇ ಹೇಳುತ್ತಾರೆ.

ವಿಷಯದ ಬಗ್ಗೆ ಇನ್ನೊಂದು ಸೇರಿಸುತ್ತೇನೆ. ಕೆಲವು ಕಸುಬು ತಾವೇ ವಾರದ ಲೆಕ್ಕ ಹಾಕಿಕೊಡುತ್ತವೆ, ಅಂಥದ್ದನ್ನು ಹಿಡಿದರೆ ಬರೆಯುವ ಕೈಯೂ ಅದರ ಹಿಂದೆ ನಡೆಯುತ್ತದೆ. ರೇಷ್ಮೆಯಲ್ಲಿ ಮೊಟ್ಟೆಯೊಡೆದ ದಿನದಿಂದ ಹುಳ ಹಣ್ಣಾಗುವವರೆಗೆ (ಗೂಡು ಕಟ್ಟಲು ಸಿದ್ಧವಾಗುವವರೆಗೆ) ಸುಮಾರು 25 ದಿನ. ನಡುವೆ ನಾಲ್ಕು ಜ್ವರ, ಅಂದರೆ ಹುಳ ಪೊರೆ ಬಿಡುವ ಹೊತ್ತು. ಮೊದಲ ವಾರ ಚಾಕಿ, ಅಂದರೆ ಮರಿಹುಳ ಸಾಕುವುದು: ಎಳೆಯ ಸೊಪ್ಪು ಎಷ್ಟು ಸಣ್ಣಗೆ ಹೆಚ್ಚುತ್ತಾರೆ, ಬಿಸಿ ಮತ್ತು ತೇವ ಹೇಗೆ ಕಾಯುತ್ತಾರೆ. ಎರಡನೇ ವಾರ ಜ್ವರದ ವಿಷಯ: ಹುಳ ತಲೆಯೆತ್ತಿ ಅಲ್ಲಾಡದೆ ನಿಂತಾಗ ಸೊಪ್ಪು ಹಾಕುವುದು ನಿಲ್ಲಿಸುತ್ತಾರೆ, ಎಲ್ಲ ಹುಳ ಎದ್ದ ಮೇಲೇ ಮತ್ತೆ ಹಾಕುತ್ತಾರೆ, ಹಿಂದುಮುಂದಾದರೆ ಹುಳ ಒಂದೇ ಅಳತೆಯಲ್ಲಿ ಬೆಳೆಯುವುದಿಲ್ಲ. ಮೂರನೇ ವಾರದ ಹೊತ್ತಿಗೆ ನಾಲ್ಕನೇ ಜ್ವರ ಮುಗಿದಿರುತ್ತದೆ. ಒಟ್ಟು ಸೊಪ್ಪಿನಲ್ಲಿ ಶೇ. 80ಕ್ಕೂ ಹೆಚ್ಚು ಹೋಗುವುದು ಆ ಕೊನೆಯ ಹಂತದಲ್ಲಿ, ಮನೆಯವರೆಲ್ಲ ನಿದ್ದೆಗೆಡುವುದೂ ಆಗಲೇ. ನಾಲ್ಕನೇ ವಾರ ಚಂದ್ರಿಕೆ (ಗೂಡು ಕಟ್ಟಲು ಹಣ್ಣಾದ ಹುಳ ಬಿಡುವ ತಟ್ಟೆ), ಆಮೇಲೆ ಗೂಡು ಬಿಡಿಸುವುದು, ಮಾರುಕಟ್ಟೆ, ನೂಲು ಬಿಚ್ಚಾಣಿಕೆ. ಒಂದೇ ಹುಳದ ಮನೆಗೆ ವಾರಕ್ಕೊಮ್ಮೆ ಹೋಗಿ ಬಂದರೆ ಏನು ಬರೆಯಲಿ ಎಂಬ ಪ್ರಶ್ನೆ ಏಳುವುದೇ ಇಲ್ಲ. ಹೋಗುವಾಗ ಕೈಕಾಲು ತೊಳೆದು, ಅವರು ಹೇಳಿದ ಕಡೆ ಮಾತ್ರ ನಿಲ್ಲಿ, ಹೊರಗಿನಿಂದ ಹೋದವರಿಂದ ಹುಳಕ್ಕೆ ರೋಗ ತಗಲುತ್ತದೆ.

ಕೆರೆಯೂ ಹಾಗೆ ಬಿಡಿಬಿಡಿಯಾಗಿ ಸಿಗುತ್ತದೆ: ಏರಿ, ತೂಬು, ಕೋಡಿ, ರಾಜಕಾಲುವೆ, ಅಚ್ಚುಕಟ್ಟು (ಕೆರೆ ನೀರು ಹಾಯುವ ಜಮೀನು), ನೀರಗಂಟಿ (ಹೊಲಗಳಿಗೆ ನೀರು ಹಂಚುವವರು). ಆರು ವಾರ. ಮಳೆಗಾಲಕ್ಕೆ ಮುಂಚೆ ಏರಿ, ತೂಬು ನೋಡಿ ಬನ್ನಿ, ನೀರು ತುಂಬಿದ ಮೇಲೆ ತೂಬಿನ ಕೆಳಭಾಗ ಕಾಣುವುದಿಲ್ಲ.

ಕಲ್ಪತರು (ತಿಪಟೂರು)

ಸರದಿ ವಿಚಾರ. ಪ್ರಕಟಿಸೋದು ಸರದಿಯಲ್ಲಿ ಇರಲಿ, ಬರೆಯೋದು ಸರದಿಯಲ್ಲಿ ಬೇಡ. ಐದು ಜನರ ಸರದಿ ಅಂದರೆ ಒಬ್ಬೊಬ್ಬರು ಐದು ವಾರಕ್ಕೊಮ್ಮೆ ಬರೆದಂಗಾಯ್ತು, ಅಷ್ಟು ಅಂತರದಲ್ಲಿ ಯಾರ ಕೈಗೂ ರೂಢಿ ಹತ್ತಲ್ಲ. ಪ್ರತಿ ವಾರ ಐವರೂ 150 ಪದ ಬರೆದು ಒಂದು ಹಂಚಿಕೊಂಡ ಕಡತಕ್ಕೆ ಹಾಕಿ. ಯಾರ ಸರದಿಯೋ ಅವರು ಮಾತ್ರ ತಮ್ಮದನ್ನ ಬೆಳೆಸಿ ಪೂರ್ತಿ ಮಾಡಲಿ. ಉಳಿದ ನಾಲ್ಕು ತುಣುಕು ಎಲ್ಲೂ ಹೋಗಲ್ಲ, ಅವರವರ ಸರದಿ ಬಂದಾಗ ಆರಿಸಿಕೊಳ್ಳೋಕೆ ಸರಕಾಗುತ್ತೆ.

ತಿದ್ದೋದು ಇನ್ನೊಬ್ಬರು ಮಾಡಲಿ, ಆದರೆ ಅವರ ಕೆಲಸಕ್ಕೆ ಗಡಿ ಹಾಕಿ. ಅರ್ಥ ಆಗದ ವಾಕ್ಯ, ಅನುಮಾನ ಬಂದ ಹೆಸರು ಅಥವಾ ಅಂಕಿ, ಕಾಗುಣಿತ. ಅಲ್ಪಪ್ರಾಣ ಮಹಾಪ್ರಾಣ, ಶ ಷ, ಅಕಾರ ಹಕಾರ ಇವನ್ನ ನೋಡಿದರೆ ಸಾಕು. ಶೈಲಿ ಬದಲಿಸೋಕೆ ಹೋದರೆ ಬರೆದವರ ದನಿ ಹೋಗುತ್ತೆ, ಮನಸ್ಸೂ ಮುರಿಯುತ್ತೆ. ಗುಂಪು ಒಡೆಯೋದು ಹೆಚ್ಚಾಗಿ ಇಲ್ಲೇ, ದಯವಿಟ್ಟು ಹುಷಾರು.

ವಾರ ತಪ್ಪಿದರೆ ಮುಂದಿನ ವಾರ ಎರಡು ಬರೆದು ಸಾಲ ತೀರಿಸೋಕೆ ಹೋಗಬೇಡಿ. ಎರಡು ನಾಲ್ಕಾಗುತ್ತೆ, ಆಮೇಲೆ ಆ ಕಡೆ ನೋಡೋಕೇ ಭಯ ಆಗುತ್ತೆ. ತಪ್ಪಿದ್ದು ತಪ್ಪಿತು, ಮುಂದಿನದು ಅದರ ದಿನಕ್ಕೇ ಹಾಕಿ. ಅದಕ್ಕಿಂತ ಒಳ್ಳೇದು ಬ್ಲಾಗ್ ತೆರೆಯೋ ಮುಂಚೆಯೇ ನಾಲ್ಕು ಬರಹ ಸಿದ್ಧ ಮಾಡಿಟ್ಟುಕೊಳ್ಳೋದು. ಅದರಲ್ಲಿ ಎರಡು ಯಾವತ್ತು ಹಾಕಿದರೂ ಹಳಸದ ವಿಷಯದ್ದಾಗಿರಲಿ: ಅಟ್ಟ ಕಟ್ಟೋದು, ತೂಬಿನ ರಚನೆ, ಇಂಥದ್ದು. ಜಾತ್ರೆ, ದರ, ಮಳೆ ಇವು ಬೇಡ. ಆ ಎರಡನ್ನ ಮುಟ್ಟಿದ ತಿಂಗಳಲ್ಲೇ ಮತ್ತೆ ತುಂಬಿಸಿ. ಯುಗಾದಿ, ಗಣೇಶನ ಹಬ್ಬ, ದೀಪಾವಳಿ, ಮಕ್ಕಳ ಪರೀಕ್ಷೆ ಯಾವ ವಾರ ಬರುತ್ತೆ ಅಂತ ಕ್ಯಾಲೆಂಡರ್‌ನಲ್ಲಿ ಈಗಲೇ ಗುರುತು ಹಾಕಿ. ಆ ವಾರ ಬರೆಯೋಕಾಗಲ್ಲ ಅಂತ ಮೊದಲೇ ಗೊತ್ತಿದ್ದರೆ ಹಿಂದಿನ ವಾರವೇ ಒಂದನ್ನ ಸಮಯ ನಿಗದಿ ಮಾಡಿ ಇಟ್ಟುಬಿಡಬಹುದು.

ಓದಿದವರ ಲೆಕ್ಕ ತೋರಿಸೋ ಪುಟವನ್ನ ಮೊದಲ ಆರು ತಿಂಗಳು ತೆರೆಯಬೇಡಿ. ಶುರುವಿನಲ್ಲಿ ಬರೋದು ಗೆಳೆಯರು, ನೆಂಟರು. ಆ ಅಂಕಿ ಏರಿದರೂ ಇಳಿದರೂ ನಿಮ್ಮ ಬರಹದ ಬಗ್ಗೆ ಏನನ್ನೂ ಹೇಳಲ್ಲ.

ಅಂತರಗಂಗೆ (ಕೋಲಾರ)

ಸಮಯ ನಿಗದಿ ಮಾಡುವ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಬ್ಲಾಗರ್‌ನ ಸೆಟ್ಟಿಂಗ್ಸ್‌ನಲ್ಲಿ ಫಾರ್ಮ್ಯಾಟಿಂಗ್ ಎಂಬ ಭಾಗದಲ್ಲಿ ಟೈಮ್ ಝೋನ್ ನೋಡಿ. ಅದು ಅಮೆರಿಕದ ಪೆಸಿಫಿಕ್ ಸಮಯಕ್ಕೆ ಇರುವುದುಂಟು. ಹಾಗೇ ಬಿಟ್ಟು ಭಾನುವಾರ ಬೆಳಿಗ್ಗೆ 6ಕ್ಕೆ ಎಂದು ಇಟ್ಟರೆ ಬರಹ ನಮ್ಮಲ್ಲಿ ಕಾಣಿಸುವುದು ಸಂಜೆ 6.30ಕ್ಕೋ 7.30ಕ್ಕೋ, ಅಲ್ಲಿ ಬೇಸಿಗೆ, ಚಳಿಗಾಲಕ್ಕೆ ಗಡಿಯಾರ ಬದಲಿಸುವುದರಿಂದ ಒಂದು ಗಂಟೆ ಹೆಚ್ಚುಕಡಿಮೆ. ಅದನ್ನು ಭಾರತದ ಸಮಯಕ್ಕೆ, ಅಂದರೆ 5.30 ಮುಂದಿರುವ ಕೋಲ್ಕತ್ತ ಎಂಬ ಆಯ್ಕೆಗೆ ಬದಲಿಸಿ ಉಳಿಸಿ. ಮೊದಲ ಬರಹ ಹಾಕುವ ಮುಂಚೆಯೇ ಇದು ಆಗಲಿ, ಆಮೇಲೆ ಬದಲಿಸಿದರೆ ಹಳೆಯ ಬರಹಗಳ ಮೇಲಿನ ತಾರೀಕೂ ಒಂದು ದಿನ ಆಚೀಚೆ ಕಾಣಿಸಬಹುದು.